ಎತ್ತಿನ ಸುಳಿ, ಟ್ರ್ಯಾಕ್ಟರಿನ ಬ್ರೇಕು

ಬೇಬಿ ಬೆಟ್ಟದ ದನದ ಜಾತ್ರೆಗೆ ಅಪ್ಪ ನನ್ನನ್ನು ಮೊದಲ ಸಲ ಕರಕೊಂಡು ಹೋದಾಗ ನಾನು ಮೂರನೇ ಕ್ಲಾಸು. ನಮ್ಮೂರು ಕ್ಯಾತನಹಳ್ಳಿ, ಪಾಂಡವಪುರ ತಾಲ್ಲೂಕು. ಅವತ್ತು ಅಪ್ಪ ಒಂದು ಜೊತೆ ಹಳ್ಳಿಕಾರ್ ಎತ್ತು ನೋಡೋಕೆ ತಗೊಂಡ ಟೈಮಲ್ಲಿ ನಾನು ಎರಡು ಸಲ ಬತ್ತಾಸು ತಿಂದು ಮುಗಿಸಿದ್ದೆ. ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಹಾಲಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ ಅಂತ ಪಕ್ಕದವರ ಜೊತೆ ವಾದ ಮಾಡಿದರು. ಬೆನ್ನ ಮೇಲೆ, ಹಣೆ ಮೇಲೆ ಸುಳಿ ಎಲ್ಲಿದೆ ಅಂತ ಹುಡುಕಿದರು. ಹತ್ತು ಹೆಜ್ಜೆ ನಡೆಸಿ ಗೊರಸು ನೋಡಿದರು. ಆಮೇಲೆ ದಳ್ಳಾಳಿ ಟವಲ್ ಕೆಳಗೆ ಅಪ್ಪನ ಬೆರಳು ಹಿಡಿದುಕೊಂಡ. ರೇಟು ಯಾರಿಗೂ ಕಾಣದ ಹಾಗೆ ಬೆರಳಲ್ಲೇ ಕುದುರಿತು.

ಮನೆಗೆ ಬಂದ ಮೇಲೆ ಎತ್ತು ಒಡ್ಡಾಟ ಮಾಡಿದರೆ? ಮಾರಿದವನನ್ನ ಕೇಳೋ ಹಾಗಿಲ್ಲ. 'ನೋಡ್ಕೊಂಡ್ ತಾನೆ ತಕ್ಕೊಂಡೆ?' ಅಂತಾನೆ. ಇದು ಜಾತ್ರೆಯ ಕಾನೂನು. ಈ ಕಾನೂನಿಗೆ ರೋಮನ್ನರ ಭಾಷೆಯಲ್ಲಿ ಒಂದು ಹೆಸರಿದೆ, ಕೇವಿಯಟ್ ಎಂಪ್ಟರ್. ಕೊಳ್ಳೋನೇ ಹುಷಾರಾಗಿರಬೇಕು ಅಂತ ಅರ್ಥ. ಎತ್ತಿನ ವಿಷಯದಲ್ಲಿ ಇದು ಪೂರ್ತಿ ಅನ್ಯಾಯವೇನಲ್ಲ. ಯಾಕಂದ್ರೆ ಮಾರೋನಿಗೆ ಎಷ್ಟು ಗೊತ್ತೋ ಹೆಚ್ಚುಕಮ್ಮಿ ಅಷ್ಟೇ ಅಪ್ಪನಿಗೂ ಗೊತ್ತು.

2006ರಲ್ಲಿ ಅಪ್ಪ ಎತ್ತು ಮಾರಿ, ಬ್ಯಾಂಕಲ್ಲಿ ಸಾಲ ಮಾಡಿ ಹೊಸ ಟ್ರ್ಯಾಕ್ಟರ್ ತಂದರು. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಪೂಜೆ ಆಯ್ತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಆಯ್ತು. ಆದರೆ ಟ್ರ್ಯಾಕ್ಟರಿಗೆ ಹಲ್ಲು ಎಣಿಸೋದು ಹೇಗೆ? ಸುಳಿ ಎಲ್ಲಿರುತ್ತೆ? ಅಪ್ಪ ಶೋರೂಮಲ್ಲಿ ಟೈರಿಗೆ ಒಂದು ಸಲ ಕಾಲಲ್ಲಿ ಒದ್ದು ನೋಡಿದರು, ಅಷ್ಟೇ.

ಎರಡು ತಿಂಗಳಿಗೆ ಬ್ರೇಕಿನ ತೊಂದರೆ ಶುರುವಾಯ್ತು. ಊರಿನವರಿಗೆ ಗೊತ್ತಿರುತ್ತೆ, ಸಿಟಿಯವರಿಗೆ ಹೇಳ್ತೀನಿ. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇರುತ್ತೆ. ಎಡಗಡೆ ಚಕ್ರಕ್ಕೆ ಒಂದು, ಬಲಗಡೆಗೆ ಒಂದು. ಹೊಲದಲ್ಲಿ ಬದು ಹತ್ತಿರ ತಿರುಗಿಸೋಕೆ ಒಂದೊಂದೇ ತುಳೀತಾರೆ. ರಸ್ತೆಗೆ ಬಂದಾಗ ಎರಡೂ ಸೇರಿಸಿ ಲಾಕ್ ಹಾಕಬೇಕು. ನಮ್ಮ ಗಾಡಿ ಲಾಕ್ ಹಾಕಿದ್ದರೂ ಲೋಡ್ ಇದ್ದಾಗ ಎಡಕ್ಕೆ ಎಳೀತಿತ್ತು. ಅಪ್ಪ ಶೋರೂಮಿಗೆ ಹೋದರು. ಅಲ್ಲಿನವನು ಪೆಡಲ್ ಎರಡು ಸಲ ಒತ್ತಿ, ಏನೋ ತಿರುಗಿಸಿ, 'ಲಾಕ್ ಹಾಕ್ದೆ ಓಡಿಸಿದ್ದೀರಾ ಯಜಮಾನ್ರೆ, ಹೊಸದು ಅಲ್ವಾ, ಸೆಟ್ ಆಗುತ್ತೆ ಹೋಗಿ' ಅಂದ. ಹೀಗೆ ಏಳು ಸಲ. ಏಳು ಸಲದಲ್ಲಿ ಒಂದು ಸಲವೂ ಒಂದು ಚೀಟಿ ಕೊಡಲಿಲ್ಲ. ಅಪ್ಪ ಕೇಳಲೂ ಇಲ್ಲ.

ಎಂಟನೇ ಸಲ ಹೋಗೋಕೆ ಮುಂಚೆ ಒಂದು ಸಂಜೆ ಕಬ್ಬಿನ ಲೋಡ್ ಹಾಕಿಕೊಂಡು ನಾಲೆ ಏರಿ ಮೇಲೆ ಬರ್ತಿದ್ದಾಗ ಎದುರಿಗೆ ಎಮ್ಮೆ ಬಂತು. ಅಪ್ಪ ಬ್ರೇಕ್ ತುಳಿದರು. ಗಾಡಿ ನೀರಿನ ಕಡೆಗೆ ತಿರುಗಿತು. ಮುಂದಿನ ಎಡ ಚಕ್ರ ಏರಿಯ ಅಂಚು ದಾಟಿ ಒಂದು ಬೇವಿನ ಮರದ ಬುಡಕ್ಕೆ ಕಚ್ಚಿಕೊಂಡು ನಿಂತಿತು. ಟ್ರೈಲರ್ ಮೇಲೆ ನನ್ನ ಚಿಕ್ಕಪ್ಪ ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ನಮ್ಮ ಕಡೆಯವರಿಗೆ 'ನಾಲೆ' ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು. ಶಾಲೆಯಿಂದ ಮನೆಗೆ ಬರ್ತಿದ್ದ ಮಕ್ಕಳೂ ಇದ್ದರು. ಆ ಸುದ್ದಿ ಬಂದಾಗ ನಾನು ಬೆಂಗಳೂರಿನ ಆಫೀಸಲ್ಲಿದ್ದೆ. ನನಗೆ ಮೊದಲು ನೆನಪಾಗಿದ್ದು ಆ ಬೇವಿನ ಮರ.

ಮುಂದಿನ ವರ್ಷ ಅಪ್ಪ ಟ್ರ್ಯಾಕ್ಟರ್ ಮಾರಿಬಿಟ್ಟರು, ಅರ್ಧಕ್ಕರ್ಧ ನಷ್ಟಕ್ಕೆ. ಸಾಲ ಮಾತ್ರ ನನ್ನ ಇಂಜಿನಿಯರಿಂಗ್ ಮುಗಿಯೋವರೆಗೂ ಇತ್ತು. 'ನನ್ ಕೈಯಲ್ಲಿ ಆಗ್ಲಿಲ್ಲ ಕಣ್ ಮಗ, ಎತ್ತು ಹೊಡ್ದ ಕೈ ಇದು' ಅಂತಿದ್ದರು. ಅಂದರೆ, ಕೊನೆಗೆ ಅವರೂ ಶೋರೂಮಿನವನ ಮಾತನ್ನೇ ನಂಬಿಬಿಟ್ಟಿದ್ದರು. ತಪ್ಪು ಓಡಿಸೋನದು.

ಈ 'ತಪ್ಪು ಓಡಿಸೋನದು' ಅನ್ನೋ ಮಾತಿಗೆ ನೂರು ವರ್ಷಕ್ಕಿಂತ ದೊಡ್ಡ ಚರಿತ್ರೆ ಇದೆ. ಅದನ್ನ ನಾನು ಓದೋಕೆ ಶುರು ಮಾಡಿದ್ದು ಕೆಲವು ವರ್ಷದ ಹಿಂದೆ, ನನ್ನ ಕಾರಿಗೆ ಒಂದು ಎಸ್ಸೆಮ್ಮೆಸ್ ಬಂದಾಗ. ನಿಮ್ಮ ಗಾಡಿಯ ಒಂದು ಭಾಗದಲ್ಲಿ ದೋಷ ಇರಬಹುದು, ಬನ್ನಿ, ಪುಕ್ಕಟೆ ಬದಲಾಯಿಸಿ ಕೊಡ್ತೀವಿ ಅಂತಿತ್ತು. ನಾನು ಕಂಪ್ಲೇಂಟೇ ಕೊಟ್ಟಿರಲಿಲ್ಲ. ನನಗೆ ಆ ದೋಷ ಗೊತ್ತೂ ಇರಲಿಲ್ಲ. ಅವರೇ ಕರೆದು, ಅವರೇ ತಪ್ಪು ಒಪ್ಪಿಕೊಂಡು, ಅರ್ಧ ದಿನದಲ್ಲಿ ಸರಿ ಮಾಡಿ ಕೊಟ್ಟರು. ಸರ್ವಿಸ್ ಸೆಂಟರಿನ ಎಸಿಯಲ್ಲಿ ಕಾಫಿ ಕುಡೀತಾ ಕೂತಾಗ ಅಪ್ಪನ ಏಳು ಟ್ರಿಪ್ಪು ಲೆಕ್ಕ ಹಾಕ್ತಿದ್ದೆ.

ಮೊದಲು ಅಮೆರಿಕದ ಕಥೆ. ಅಲ್ಲಿ ಹಾಳು ಗಾಡಿಗೆ 'ಲೆಮನ್' ಅಂತಾರೆ. ನಾವು ನಿಂಬೆಹಣ್ಣಿನ ಮೇಲೆ ಹೊಸ ಗಾಡಿ ಹತ್ತಿಸ್ತೀವಿ, ಅವರು ಗಾಡಿಯನ್ನೇ ನಿಂಬೆಹಣ್ಣು ಅಂತಾರೆ. 1916ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಬ್ಯೂಯಿಕ್ ಕಾರಿನ ಒಂದು ಕೇಸು ಬಂತು. ಓಡ್ತಿದ್ದ ಕಾರಿನ ಚಕ್ರದ ಮರದ ಕಡ್ಡಿ ಮುರಿದು ಮಾಲೀಕ ಹೊರಗೆ ಬಿದ್ದಿದ್ದ. ಕಂಪನಿ ಹೇಳಿದ್ದು: 'ನಾವು ಕಾರು ಮಾರಿದ್ದು ಡೀಲರಿಗೆ, ನಿನಗಲ್ಲ. ಚಕ್ರ ಮಾಡಿದ್ದೂ ನಾವಲ್ಲ.' ಡೀಲರನ್ನ ಕೇಳಿದ್ರೆ ಕಂಪನಿ ಅಂತಾನೆ, ಕಂಪನಿ ಕೇಳಿದ್ರೆ ಡೀಲರ್ ಅಂತಾರೆ. ನಮಗೆ ಗೊತ್ತಿರೋ ಆಟವೇ. ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಒಪ್ಪಲಿಲ್ಲ. ಜಾಗ್ರತೆಯಿಲ್ಲದೆ ಮಾಡಿದರೆ ಜೀವಕ್ಕೆ ಅಪಾಯ ಆಗೋ ವಸ್ತುವನ್ನ ತಯಾರಿಸಿದವನು, ಅದನ್ನ ಕೊನೆಗೆ ಬಳಸೋನಿಗೂ ಜವಾಬ್ದಾರ ಅಂತ ತೀರ್ಪು ಕೊಟ್ಟರು. ಕಂಪನಿಗೂ ಗ್ರಾಹಕನಿಗೂ ಮಧ್ಯೆ ಇದ್ದ ಗೋಡೆ ಮೊದಲು ಬಿರುಕು ಬಿಟ್ಟಿದ್ದು ಹೀಗೆ.

ಅದಾಗಿ ಐವತ್ತು ವರ್ಷವಾದರೂ ಆಕ್ಸಿಡೆಂಟ್ ಆದರೆ ಬೈಯಿಸಿಕೊಳ್ಳೋನು ಡ್ರೈವರೇ. 1965ರಲ್ಲಿ ರಾಲ್ಫ್ ನೇಡರ್ ಅನ್ನೋ ಯುವ ವಕೀಲ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಅಂತ ಪುಸ್ತಕ ಬರೆದ. ಗಾಡಿಯ ವಿನ್ಯಾಸದಲ್ಲೇ ಸಾವು ಇರಬಹುದು, ಕಂಪನಿಗಳಿಗೆ ಅದು ಗೊತ್ತಿದ್ದೂ ಸುಮ್ಮನಿರಬಹುದು ಅನ್ನೋದು ಅವನ ವಾದ. ಜನರಲ್ ಮೋಟರ್ಸ್ ಅವನ ಹಿಂದೆ ಖಾಸಗಿ ಪತ್ತೆದಾರರನ್ನ ಬಿಟ್ಟಿತು. ಅದು ಬಯಲಾಗಿ 1966ರ ಮಾರ್ಚಲ್ಲಿ ಕಂಪನಿಯ ಅಧ್ಯಕ್ಷರೇ ಸೆನೆಟ್ ಸಮಿತಿ ಮುಂದೆ ಕ್ಷಮೆ ಕೇಳಬೇಕಾಯ್ತು. ಅದೇ ವರ್ಷ ಸೆಪ್ಟೆಂಬರಲ್ಲಿ ವಾಹನ ಸುರಕ್ಷತೆಯ ಕೇಂದ್ರ ಕಾನೂನು ಬಂತು. ಇವತ್ತು ನಾವು 'ರಿಕಾಲ್' ಅಂತ ಕರೆಯೋ ವ್ಯವಸ್ಥೆಯ ಬೇರು ಅಲ್ಲಿದೆ.

1970ರಲ್ಲಿ ಜಾರ್ಜ್ ಅಕೆರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 'ಲೆಮನ್'ಗಳ ಮಾರುಕಟ್ಟೆ ಬಗ್ಗೆ ಒಂದು ಪ್ರಬಂಧ ಬರೆದರು. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಪ್ರಬಂಧವೇ ಅವರಿಗೆ 2001ರಲ್ಲಿ ನೊಬೆಲ್ ತಂದುಕೊಟ್ಟಿತು. ಅದರ ಸಾರ ನಮ್ಮ ಜಾತ್ರೆಯವರಿಗೆ ಸಲೀಸಾಗಿ ಅರ್ಥವಾಗುತ್ತೆ. ಮಾರೋನಿಗೆ ಗೊತ್ತಿರೋದು ಕೊಳ್ಳೋನಿಗೆ ಗೊತ್ತಿಲ್ಲದಿದ್ದಾಗ, ಒಳ್ಳೆ ಮಾಲಿಗೂ ಕೆಟ್ಟ ಮಾಲಿಗೂ ಒಂದೇ ರೇಟಾಗುತ್ತೆ. ಒಳ್ಳೆ ಮಾಲು ಮಾರೋನು ಸಂತೆ ಬಿಟ್ಟು ಹೋಗ್ತಾನೆ. ಉಳಿಯೋದು ಕೆಟ್ಟದ್ದು. ಎತ್ತಿನ ಸಂತೆ ಹಾಳಾಗದೆ ಉಳಿದಿದ್ದು ಕೊಳ್ಳೋನಿಗೂ ಹಲ್ಲು ಎಣಿಸೋಕೆ ಬರ್ತಿತ್ತು ಅನ್ನೋ ಕಾರಣಕ್ಕೆ. ಯಂತ್ರದ ಹಲ್ಲು ಎಣಿಸೋಕೆ ಬಾರದವನಿಗೆ ಕಾನೂನಿನ ಸಹಾಯ ಬೇಕು.

ಆ ಸಹಾಯ 1982ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ 'ಲೆಮನ್ ಲಾ' ಆಗಿ ಬಂತು. ಅದರ ಸೊಗಸು ಇರೋದು ಲೆಕ್ಕದಲ್ಲಿ. ಹೊಸ ಗಾಡಿಯ ಅದೇ ದೋಷವನ್ನ ನಾಲ್ಕು ಸಲ ರಿಪೇರಿ ಮಾಡಿದರೂ ಸರಿ ಹೋಗದಿದ್ದರೆ, ಅಥವಾ ಗಾಡಿ ಒಟ್ಟು 30 ದಿನ ಗ್ಯಾರೇಜಲ್ಲೇ ನಿಂತಿದ್ದರೆ, ಕಂಪನಿ ಗಾಡಿ ಬದಲಿಸಬೇಕು ಇಲ್ಲ ದುಡ್ಡು ವಾಪಸ್ ಕೊಡಬೇಕು. ಗಾಡಿ ಯಾಕೆ ಕೆಟ್ಟಿತು ಅಂತ ಗ್ರಾಹಕ ಇಂಜಿನಿಯರಿಂಗ್ ಪಾಠ ಹೇಳಬೇಕಾಗಿಲ್ಲ. ಎಷ್ಟು ಸಲ ಬಂದೆ ಅಂತ ತೋರಿಸಿದರೆ ಸಾಕು. ಇವತ್ತು ಅಲ್ಲಿನ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನಿದೆ. ಸಿಂಗಪುರ 2012ರಲ್ಲಿ, ಫಿಲಿಪ್ಪೀನ್ಸ್ 2014ರಲ್ಲಿ, ದಕ್ಷಿಣ ಕೊರಿಯಾ 2019ರಲ್ಲಿ ತಮ್ಮದೇ ಲೆಮನ್ ಕಾನೂನು ತಂದುಕೊಂಡವು. ಅಪ್ಪ ಹೋಗಿದ್ದು ಏಳು ಸಲ ಅಂತ ನೆನಪಿರಲಿ.

ಈಗ ನಮ್ಮ ದೇಶ. 1930ರ ಸರಕು ಮಾರಾಟ ಕಾಯ್ದೆಯಲ್ಲೇ ಮಾರಿದ ವಸ್ತು ಯಾವ ಕೆಲಸಕ್ಕೆ ಕೊಂಡಿದ್ದೋ ಅದಕ್ಕೆ ತಕ್ಕ ಹಾಗಿರಬೇಕು ಅನ್ನೋ ಮಾತು ಕೆಲವು ಷರತ್ತುಗಳ ಜೊತೆ ಇತ್ತು. ಆದರೆ ಸಿವಿಲ್ ಕೋರ್ಟಿಗೆ ಹೋಗಿ ಕಾರಿನ ಮೇಲೆ ದಾವೆ ಹೂಡೋರು ಯಾರು? ಲೈಸೆನ್ಸ್ ರಾಜ್ ಕಾಲದಲ್ಲಿ ಗಾಡಿ ಸಿಕ್ಕೋದೇ ಪುಣ್ಯ. ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯ್ತಿದ್ದರು. ಅಂಬಾಸಿಡರು, ಪ್ರೀಮಿಯರ್ ಪದ್ಮಿನಿ, ನಮ್ಮ ಮೈಸೂರಲ್ಲೇ ತಯಾರಾಗ್ತಿದ್ದ ಎಜ್ಡಿ ಬೈಕು, ಯಾವುದೇ ಇರಲಿ, ಕೆಟ್ಟರೆ ಮೆಕ್ಯಾನಿಕ್ ಹತ್ತಿರ ಹೋಗಬೇಕು. ಕಂಪನಿಯವರನ್ನ ಕೇಳಬಹುದು ಅನ್ನೋ ಕಲ್ಪನೆಯೇ ಜನಕ್ಕೆ ಇರಲಿಲ್ಲ.

1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಜಿಲ್ಲೆಗೊಂದು ಗ್ರಾಹಕರ ವೇದಿಕೆ ಬಂತು. ದೋಷ ತೆಗೆಸು, ವಸ್ತು ಬದಲಿಸು, ದುಡ್ಡು ವಾಪಸ್ ಕೊಡು ಅಂತ ಆದೇಶ ಮಾಡೋ ಅಧಿಕಾರ ಅದಕ್ಕಿತ್ತು. ಇಲ್ಲಿ ರೈತರಿಗೆ ಒಂದು ಮುಖ್ಯ ವಿಷಯ ಇದೆ. 'ವಾಣಿಜ್ಯ ಉದ್ದೇಶ'ಕ್ಕೆ ಕೊಂಡವನು ಗ್ರಾಹಕ ಅಲ್ಲ ಅಂತ ಕಾಯ್ದೆ ಹೇಳುತ್ತೆ. ಆದರೆ ತನ್ನ ಹೊಟ್ಟೆಪಾಡಿಗೆ ತಾನೇ ದುಡಿಯೋಕೆ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶ ಅಲ್ಲ ಅಂತ 1993ರ ತಿದ್ದುಪಡಿಯಲ್ಲಿ ವಿವರಣೆ ಸೇರಿತು, 1995ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಬಿಡಿಸಿ ಹೇಳಿತು. ಅಂದರೆ 2006ರಲ್ಲಿ ತನ್ನ ಹೊಲ ಉಳೋಕೆ ಟ್ರ್ಯಾಕ್ಟರ್ ತಂದ ನಮ್ಮಪ್ಪ ಕಾನೂನಿನ ಪ್ರಕಾರ ಗ್ರಾಹಕ. ಮಂಡ್ಯದಲ್ಲಿ ವೇದಿಕೆ ಇತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

ಗೊತ್ತಿದ್ದರೂ ಗೆಲ್ಲೋದು ಸುಲಭವಿತ್ತಾ? ಅದನ್ನೂ ಪ್ರಾಮಾಣಿಕವಾಗಿ ನೋಡೋಣ. ಅದೇ 2006ರಲ್ಲಿ ಮಾರುತಿ ಕಾರೊಂದರ ಕೇಸಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ದೋಷದ ಭಾಗ ಬದಲಿಸಿ ಕೊಡ್ತೀವಿ ಅಂತಷ್ಟೇ ಇರುವಾಗ ಇಡೀ ಕಾರು ಬದಲಿಸಿ ಅಂತ ಹೇಳೋಕಾಗಲ್ಲ ಅಂದಿತು. 2010ರಲ್ಲಿ ಬೆಂಗಳೂರಿನ ಗ್ರಾಹಕರೊಬ್ಬರ ಫಿಯಟ್ ಕಾರಿನ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಇಂಜಿನ್ನಿಂದ, ಗೇರ್ ಬಾಕ್ಸಿಂದ ಸದ್ದು ಬರ್ತಿದೆ ಅನ್ನೋದು ದೂರು. ಕಂಪನಿ ಇಂಜಿನ್ನೇ ಬದಲಿಸಿತ್ತು. ಕೋರ್ಟು ಮಧ್ಯದ ದಾರಿ ಹಿಡಿಯಿತು: ಸ್ವತಂತ್ರ ತಾಂತ್ರಿಕ ತಜ್ಞರು ನೋಡಲಿ, ತಯಾರಿಕೆಯಲ್ಲೇ ದೋಷ ಇದೆ ಅಂತ ಅವರು ಹೇಳಿದರೆ ಕಾರಿನ ಬೆಲೆ, ಆಜೀವ ತೆರಿಗೆ, ಇಎಂಐ ಎಲ್ಲವನ್ನೂ ಶೇಕಡ 12 ಬಡ್ಡಿ ಸೇರಿಸಿ ವಾಪಸ್ ಕೊಡಬೇಕು.

ಅಂದರೆ ನಮ್ಮ ಕಾನೂನು ಕೇಳೋದು 'ಎಷ್ಟು ಸಲ ಬಂದೆ' ಅಂತ ಅಲ್ಲ, 'ತಜ್ಞರ ವರದಿ ಎಲ್ಲಿ' ಅಂತ. ಲೆಮನ್ ಕಾನೂನಿಗೂ ನಮ್ಮ ಕಾನೂನಿಗೂ ಇರೋ ದೊಡ್ಡ ವ್ಯತ್ಯಾಸ ಇದೇ. ನಾಲ್ಕು ಸಲ, 30 ದಿನ ಅನ್ನೋ ಥರದ ಸ್ಪಷ್ಟ ಗೆರೆ ನಮ್ಮಲ್ಲಿ ಇನ್ನೂ ಇಲ್ಲ. ಆದರೂ ಗಾಳಿ ಸ್ವಲ್ಪ ಬದಲಾಗಿದೆ. 2022ರ ಏಪ್ರಿಲಲ್ಲಿ ಹ್ಯುಂಡೈ ಕ್ರೆಟಾ ಕೇಸಲ್ಲಿ, ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯಲಿಲ್ಲ ಅನ್ನೋ ದೂರಿಗೆ ಕಂಪನಿ, ಅದು ತೆರೆಯುವಷ್ಟು ಜೋರಿನ ಡಿಕ್ಕಿ ಅಲ್ಲ ಅಂತ ವಾದಿಸಿತು. ಏರ್‌ಬ್ಯಾಗ್ ಇದೆ ಅಂತ ನಂಬಿ ಕಾರು ಕೊಳ್ಳೋ ಗ್ರಾಹಕ ವೇಗ, ಬಲ ಅಂತ ಭೌತಶಾಸ್ತ್ರ ಲೆಕ್ಕ ಹಾಕಬೇಕು ಅಂತ ನಿರೀಕ್ಷಿಸೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಗಾಡಿ ಬದಲಿಸಿಕೊಡಿ ಅನ್ನೋ ಆದೇಶವನ್ನ ಎತ್ತಿಹಿಡಿಯಿತು.

ಇದು ಒಬ್ಬೊಬ್ಬರ ಹೋರಾಟ. ರಿಕಾಲ್ ಅಂದರೆ ಎಲ್ಲರದ್ದೂ ಒಟ್ಟಿಗೆ. ಇಲ್ಲಿ ನಮ್ಮ ದೇಶ ಬಹಳ ತಡ. 2010ರಲ್ಲಿ ಟಾಟಾ ನ್ಯಾನೋ ಕಾರುಗಳಿಗೆ ಬೆಂಕಿ ಬಿದ್ದ ಸುದ್ದಿ ಬಂದಾಗ ಕಂಪನಿ ಉಚಿತವಾಗಿ ಹೆಚ್ಚಿನ ರಕ್ಷಣೆ ಅಳವಡಿಸ್ತೀವಿ ಅಂದಿತು, ರಿಕಾಲ್ ಅನ್ನೋ ಪದ ಮಾತ್ರ ಬಳಸಲಿಲ್ಲ. 2012ರ ಜುಲೈಯಲ್ಲಿ ವಾಹನ ತಯಾರಕರ ಸಂಘ ಸಿಯಾಮ್ ತಾನೇ ಒಂದು ಸ್ವಯಂಪ್ರೇರಿತ ರಿಕಾಲ್ ಸಂಹಿತೆ ಮಾಡಿಕೊಂಡಿತು. ಸ್ವಯಂಪ್ರೇರಿತ ಅಂದರೆ ಮನಸ್ಸಿದ್ದರೆ ಮಾಡು. ಮರುವರ್ಷವೇ ಜನರಲ್ ಮೋಟರ್ಸ್ ಇಂಡಿಯಾ 2005ರಿಂದ 2013ರವರೆಗೆ ತಯಾರಾದ 1.14 ಲಕ್ಷ ಟವೇರಾ ಗಾಡಿಗಳನ್ನ ವಾಪಸ್ ಕರೆಯಿತು. ಹೊಗೆ ಪರೀಕ್ಷೆಯಲ್ಲಿ ತನ್ನ ಸಿಬ್ಬಂದಿಯೇ ಅಕ್ರಮ ಮಾಡಿದ್ದಾರೆ ಅಂತ ಒಪ್ಪಿಕೊಂಡಿತು. ಎಂಟು ವರ್ಷ ನಮ್ಮೂರ ಮದುವೆ ದಿಬ್ಬಣವೆಲ್ಲ ಟವೇರಾದಲ್ಲೇ ಹೋಗಿತ್ತು!

2019ರ ಆಗಸ್ಟ್ 9. ಈ ಚರಿತ್ರೆಯಲ್ಲಿ ನೆನಪಿಡಬೇಕಾದ ದಿನ. ಒಂದೇ ದಿನ ಎರಡು ಕಾನೂನಿಗೆ ಅಂಕಿತ ಬಿತ್ತು. ಒಂದು ಮೋಟಾರು ವಾಹನ ತಿದ್ದುಪಡಿ ಕಾಯ್ದೆ. ಅದನ್ನ ನಾವು ಹೆಲ್ಮೆಟ್ ದಂಡ ಜಾಸ್ತಿ ಮಾಡಿದ ಕಾಯ್ದೆ ಅಂತಷ್ಟೇ ಬೈದುಕೊಂಡು ಮರೆತೆವು. ಅದರೊಳಗೆ 110ಎ ಅಂತ ಒಂದು ಕಲಂ ಇದೆ. ಒಂದು ಮಾದರಿಯ ಗಾಡಿಯ ದೋಷದಿಂದ ಪರಿಸರಕ್ಕೋ, ಓಡಿಸೋನಿಗೋ, ಒಳಗೆ ಕೂತವರಿಗೋ, ರಸ್ತೆಯಲ್ಲಿರೋ ಬೇರೆಯವರಿಗೋ ಹಾನಿಯಾಗೋ ಸಾಧ್ಯತೆ ಇದ್ದರೆ, ನಿಗದಿಯಾದಷ್ಟು ಪ್ರಮಾಣದ ಮಾಲೀಕರು ದೂರು ಕೊಟ್ಟರೆ ಅಥವಾ ಪರೀಕ್ಷಾ ಸಂಸ್ಥೆಯಿಂದಲೋ ಬೇರೆ ಮೂಲದಿಂದಲೋ ಮಾಹಿತಿ ಬಂದರೆ, ಕೇಂದ್ರ ಸರ್ಕಾರ ಆ ಗಾಡಿಗಳನ್ನೆಲ್ಲ ವಾಪಸ್ ಕರೆಸು ಅಂತ ಕಂಪನಿಗೆ ಆದೇಶ ಮಾಡಬಹುದು. ಆಗ ಕಂಪನಿ ದುಡ್ಡು ವಾಪಸ್ ಕೊಡಬೇಕು, ಇಲ್ಲ ಗಾಡಿ ಬದಲಿಸಬೇಕು, ಇಲ್ಲ ರಿಪೇರಿ ಮಾಡಬೇಕು. ನಿಯಮಗಳು ಜಾರಿಗೆ ಬಂದಿದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ದೂರು ಕೊಡೋಕೆ ವಾಹನ್ ಪೋರ್ಟಲಲ್ಲಿ ವೆಹಿಕಲ್ ರಿಕಾಲ್ ಅನ್ನೋ ವಿಭಾಗವೇ ಇದೆ.

ಇನ್ನೊಂದು ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಿಂದ ಜಾರಿ. ವೇದಿಕೆ ಹೋಗಿ ಆಯೋಗ ಆಯ್ತು. ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಪೂರ್ತಿ ಅಧ್ಯಾಯ ಸೇರಿತು, ಅಂದರೆ ದೋಷದ ವಸ್ತುವಿನಿಂದ ಆದ ಹಾನಿಗೆ ತಯಾರಕ ಪರಿಹಾರ ಕೊಡಬೇಕು. ನನಗೆ ತುಂಬ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ಬದಲಾವಣೆ. ಈಗ ನೀವು ವಾಸ ಮಾಡೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ಕ್ಯಾತನಹಳ್ಳಿಯವನು ಮಂಡ್ಯದ ಬಸ್ ಹತ್ತಿದರೆ ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಫೀಸಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೋಷ ಪತ್ತೆಗೆ ಪರೀಕ್ಷೆ ಬೇಕಾದರೆ ಆಯೋಗವೇ ಲ್ಯಾಬಿಗೆ ಕಳಿಸಬಹುದು.

ಹಾಗಾದ್ರೆ ಎಲ್ಲ ಸರಿ ಹೋಯ್ತಾ? ನಮ್ಮ ಹೈವೇಯಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಊರಿಂದ ಬೆಂಗಳೂರಿಗೆ ಬರೋವಾಗ ಸಿಗೋ ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ತಯಾರಾಗೋ ಹೈರೈಡರ್ ಕಾರುಗಳಲ್ಲಿ 994ನ್ನ 2022ರ ಡಿಸೆಂಬರಲ್ಲಿ ಮುಂದಿನ ಸೀಟ್ ಬೆಲ್ಟಿನ ಒಂದು ಭಾಗಕ್ಕಾಗಿ ವಾಪಸ್ ಕರೆದರು. ಮುಂದಿನ ತಿಂಗಳೇ ಏರ್‌ಬ್ಯಾಗ್ ಕಂಟ್ರೋಲರಿಗಾಗಿ ಹೈರೈಡರ್, ಗ್ಲಾಂಜಾ ಸೇರಿ 1,390 ಕಾರು. ಯಾವ ದಿನದಿಂದ ಯಾವ ದಿನದವರೆಗೆ ತಯಾರಾದ ಗಾಡಿ ಅಂತ ಸಮೇತ ಹೇಳಿದರು. ಇದೇ ಟೊಯೋಟ 2009-10ರಲ್ಲಿ ಅಮೆರಿಕದಲ್ಲಿ, ಕಾರು ತಾನಾಗೇ ವೇಗ ಪಡೆಯುತ್ತೆ ಅನ್ನೋ ದೂರುಗಳಿಗೆ ಸಿಕ್ಕು ಒದ್ದಾಡಿತ್ತು. ನಾಸಾ ತಂಡ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ ಅಂದಿತು. ಆದರೆ 2013ರಲ್ಲಿ ಓಕ್ಲಹೋಮದ ಜ್ಯೂರಿ, ಸೋರ್ಸ್ ಕೋಡ್ ಓದಿದ ಇಂಜಿನಿಯರೊಬ್ಬರ ಸಾಕ್ಷಿ ಕೇಳಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರನ್ನ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ಕಟ್ಟಿತು. ತಪ್ಪು ಒಪ್ಪಿಕೊಳ್ಳೋದು ಅಗ್ಗ ಅನ್ನೋ ಬುದ್ಧಿ ಯಾವ ಕಂಪನಿಗೂ ಹುಟ್ಟಿನಿಂದ ಬಂದಿದ್ದಲ್ಲ.

ಇನ್ನೊಂದು ಕಡೆ ನಮ್ಮ ಬೆಂಗಳೂರಿನದೇ ಓಲಾ ಎಲೆಕ್ಟ್ರಿಕ್. 2022ರ ಮಾರ್ಚಲ್ಲಿ ಪುಣೆಯಲ್ಲಿ ಒಂದು ಸ್ಕೂಟರಿಗೆ ಬೆಂಕಿ ಹತ್ತಿದ ಮೇಲೆ ಏಪ್ರಿಲಲ್ಲಿ 1,441 ಸ್ಕೂಟರುಗಳನ್ನ ತಪಾಸಣೆಗೆ ವಾಪಸ್ ಕರೆಯಿತು. ಅದೇ ತಿಂಗಳು ಒಕಿನಾವಾ 3,215 ಸ್ಕೂಟರ್ ಕರೆಯಿತು. 2023ರಲ್ಲಿ ಮುಂದಿನ ಫೋರ್ಕ್ ಬಗ್ಗೆ ದೂರು ಬಂದಾಗ ಓಲಾ ಅದನ್ನ ಉಚಿತ ಅಪ್‌ಗ್ರೇಡ್ ಅಂತ ಕರೆಯಿತು. 2024ರ ಸೆಪ್ಟೆಂಬರಲ್ಲಿ ಕಲಬುರಗಿಯ ಯುವಕನೊಬ್ಬ, ಕೊಂಡ ಕೆಲವೇ ವಾರಕ್ಕೆ ಕೆಟ್ಟ ಸ್ಕೂಟರ್ ಸರಿ ಮಾಡಿಕೊಡಲಿಲ್ಲ ಅಂತ ಸಿಟ್ಟಾಗಿ ಶೋರೂಮಿಗೇ ಬೆಂಕಿ ಇಟ್ಟ ಅಂತ ಪೊಲೀಸರು ಬಂಧಿಸಿದರು. ಮುಂದಿನ ತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದಿದ್ದ ದೂರು 10,644. ಅದರಲ್ಲಿ ಶೇಕಡ 99.1ರಷ್ಟು ಬಗೆಹರಿಸಿದ್ದೀವಿ ಅಂತ ಕಂಪನಿ ಉತ್ತರ ಕೊಟ್ಟಿತು.

ಆ ಕಲಬುರಗಿ ಹುಡುಗ ಮಾಡಿದ್ದು ತಪ್ಪು. ಆದರೆ ಆ ಸುದ್ದಿಗೆ ನಗೋ ಇಮೋಜಿ ಹಾಕಿದ ನನ್ನ ಕಲೀಗುಗಳ ಜೊತೆ ನನಗೆ ನಗೋಕಾಗಲಿಲ್ಲ. ಅವನಿಗೆ ಬಂದ ಸಿಟ್ಟು ನನಗೆ ಗೊತ್ತಿತ್ತು, ನಮ್ಮನೆಯಲ್ಲಿ ಅದು ಸಿಟ್ಟಾಗಿ ಹೊರಗೆ ಬರದೆ ಅವಮಾನವಾಗಿ ಒಳಗೇ ಉಳಿದಿತ್ತು. ಅವನ ಸಿಟ್ಟಿಗೆ ಅವನಿಗೆ ಕೇಸು ಬಿತ್ತು. ಉಳಿದ ಹತ್ತು ಸಾವಿರ ಜನ 1915ಕ್ಕೆ ಫೋನ್ ಮಾಡಿದ್ದಕ್ಕೆ ಕಂಪನಿಗೆ ನೋಟಿಸ್ ಬಂತು.

ನನ್ನ ಕೆಲಸದಲ್ಲೂ ಇದೇ ನಡೆಯುತ್ತೆ. ಒಬ್ಬ ಕಸ್ಟಮರ್ ಬಗ್ ಹೇಳಿದರೆ ನಮ್ಮ ಮೊದಲ ಉತ್ತರ 'ನಮ್ಮ ಸಿಸ್ಟಮಲ್ಲಿ ಸರಿಯಾಗಿದೆ, ನೀವು ತಪ್ಪು ಕಾನ್ಫಿಗರ್ ಮಾಡಿದ್ದೀರಿ' ಅಂತ. ನಾನೂ ಹಾಗೆ ಎಷ್ಟೋ ಟಿಕೆಟ್ ಕ್ಲೋಸ್ ಮಾಡಿದ್ದೀನಿ. ಅದೇ ಬಗ್ಗಿಗೆ ನಲವತ್ತು ಟಿಕೆಟ್ ಬಂದಾಗ ಮಾತ್ರ ರಾತ್ರಿ ಕೂತು ಕಾರಣ ಹುಡುಕ್ತೀವಿ. ಒಂದು ದೂರು ಅಂದ್ರೆ ಓಡಿಸೋನ ತಪ್ಪು. ನಲವತ್ತು ದೂರು ಅಂದ್ರೆ ಗಾಡಿಯ ತಪ್ಪು. ಕಲಂ 110ಎ ಮಾಲೀಕರ ಪ್ರಮಾಣದ ಮಾತಾಡೋದು ಇದಕ್ಕೇ. ಲೆಮನ್ ಕಾನೂನು ನಾಲ್ಕು ಸಲ ಅನ್ನೋದೂ ಇದಕ್ಕೇ.

ಟ್ರ್ಯಾಕ್ಟರ್ ಮಾರಿ ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ ಕೆ.ಆರ್. ಪೇಟೆ ಕಡೆಯ ನೆಂಟರೊಬ್ಬರು ಅದೇ ಮಾದರಿಯ ಗಾಡಿಯ ಮಾತೆತ್ತಿದರು. 'ನಮ್ದೂ ಎಡಕ್ಕೇ ಎಳ್ಕಂತಿತ್ತು ಕಣಣ್ಣ. ನಾಗಮಂಗಲದ ನಮ್ ಭಾವಂದೂ ಹಂಗೇಯ.' ಅಪ್ಪ ಊಟದ ಎಲೆ ಮುಂದೆ ಕೈ ಹಾಗೇ ಹಿಡಕೊಂಡು ಕೂತಿದ್ದರು. ನಮ್ಮೂರು ರೈತ ಹೋರಾಟದ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಕಬ್ಬಿನ ಬಾಕಿಗೆ ರಸ್ತೆಗೆ ಇಳಿದು ಗೊತ್ತಿರೋ ಜನ. ಕಬ್ಬಿನ ರೇಟು ಎಲ್ಲರದ್ದೂ ಅಂತ ಗೊತ್ತಿತ್ತು. ಬ್ರೇಕು ಮಾತ್ರ ಅವರವರದ್ದು ಅಂದುಕೊಂಡು ಮೂರು ಊರಲ್ಲಿ ಮೂರು ಜನ ಬಾಯಿಮುಚ್ಚಿಕೊಂಡು ಕೂತಿದ್ದರು.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

'ಈಗ ಆಕಬೌದಾ ಕೇಸ?'

'ಎರಡು ವರ್ಷದೊಳಗೆ ಹಾಕ್ಬೇಕು ಅಪ್ಪ. ಮುಗಿದೋಯ್ತು. ಅಲ್ದೆ ಏಳು ಸಲ ಹೋಗಿದ್ದಕ್ಕೆ ಒಂದು ಚೀಟಿನೂ ಇಲ್ಲ ನಿನ್ನತ್ರ.'

'ಚೀಟಿ ಕೇಳ್ಬೇಕು ಅಂತ ಯಾರ್ ಹೇಳಿದ್ರು ನಂಗೆ?' ಅಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಾತು ಹೇಳಿದರು. 'ಅಂಗಾರೆ ನಾನ್ ಲಾಕ್ ಆಕಿದ್ದೆ ಅಂತ ನೀನು ನಂಬ್ತೀಯ?'

ಇಷ್ಟು ವರ್ಷ ಅಪ್ಪನ ಮನಸ್ಸಲ್ಲಿ ಕೊರೀತಿದ್ದಿದ್ದು ದುಡ್ಡಲ್ಲ, ಇದು. ನಂಬ್ತೀನಿ ಅಂದೆ.

ಮರುದಿನ ಬೆಳಗ್ಗೆ ನಮ್ಮ ದೊಡ್ಡಪ್ಪನ ಮಗ ಹೊಸ ಟ್ರ್ಯಾಕ್ಟರಿನ ಮೊದಲ ಸರ್ವಿಸ್ ಮಾಡಿಸಿಕೊಂಡು ಬಂದ. ಅಪ್ಪ ಜಗಲಿಯಿಂದಲೇ ಕೂಗಿದರು, 'ಲೋ, ಜಾಬ್ ಕಾರ್ಡ್ ಇಸ್ಕಂಡ್ ಬಂದ್ಯೇನ್ಲಾ?' ಅವನು ತಲೆ ಕೆರಕೊಂಡ. 'ಓಗು, ಇಸ್ಕಂಡ್ ಬಾ. ಏನ್ ಕಂಪ್ಲೇಂಟ್ ಹೇಳ್ದೆ, ಏನ್ ಮಾಡುದ್ರು, ಎಲ್ಲ ಬರ್ಸು. ತಾರೀಕು, ಸೀಲು ಇರ್ಬೇಕು. ಪಾಣಿ ಮಡಗಿರೋ ಕವರ್‌ನಲ್ಲೇ ಮಡಗು.' ಅವನು ಗೊಣಗಿಕೊಂಡೇ ಬೈಕ್ ಹತ್ತಿ ವಾಪಸ್ ಹೋದ. ಅಪ್ಪ ನಿಂತಿದ್ದ ಟ್ರ್ಯಾಕ್ಟರ್ ಹತ್ತಿರ ಹೋಗಿ ಎರಡು ಬ್ರೇಕ್ ಪೆಡಲನ್ನೂ ಒಂದೊಂದಾಗಿ ಕೈಯಲ್ಲಿ ಒತ್ತಿ ನೋಡಿದರು. ಆಮೇಲೆ ಲಾಕ್ ಹಾಕಿ, ಎರಡನ್ನೂ ಸೇರಿಸಿ ಇನ್ನೊಂದು ಸಲ ಒತ್ತಿದರು.